ಕೋಳಿ ಕೂಗದ ಊರಿನ ನಾಲ್ವರು

ನಮ್ಮ ಕಾಲೇಜು ಹುಡುಗರ ಕಿರುಚಿತ್ರಗಳಲ್ಲಿ ಮೊದಲು ನೋಡಬೇಕಾದದ್ದು ಟೈಟಲ್ ಕಾರ್ಡ್. ಕಥೆ, ಚಿತ್ರಕಥೆ, ಸಂಭಾಷಣೆ, ಸಂಕಲನ, ನಿರ್ದೇಶನ: ಐದು ಕೆಲಸ, ಒಂದೇ ಹೆಸರು. ಛಾಯಾಗ್ರಹಣ ಮಾತ್ರ ಬೇರೆಯವನದು, ಏಕೆಂದರೆ ಕ್ಯಾಮೆರಾ ಅವನದು. ಕೊನೆಯಲ್ಲಿ ‘ವಿಶೇಷ ಕೃತಜ್ಞತೆಗಳು’ ಎಂಬ ತಲೆಬರಹದಡಿ ಇಪ್ಪತ್ತು ಮೂವತ್ತು ಹೆಸರುಗಳು ಸರಸರ ಮೇಲಕ್ಕೆ ಓಡುತ್ತವೆ. ರಾತ್ರಿಯೆಲ್ಲ ಲೈಟ್ ಹಿಡಿದು ನಿಂತವನು, ಅಕ್ಕನ ಸೀರೆ ತಂದುಕೊಟ್ಟವಳು, ಹಿತ್ತಿಲು ಬಿಟ್ಟುಕೊಟ್ಟ ಗೆಳೆಯನ ಅಪ್ಪ, ಬೈಕಿನಲ್ಲಿ ಚಿತ್ರಾನ್ನ ಹೊತ್ತು ತಂದವನು, ಎಲ್ಲರೂ ಆ ಓಟದಲ್ಲೇ ಹೋಗಿಬಿಡುತ್ತಾರೆ. ಶಬ್ದಗ್ರಹಣ ಯಾರದು ಎಂದು ಹುಡುಕಿದರೆ ಸಾಮಾನ್ಯವಾಗಿ ಯಾರ ಹೆಸರೂ ಇರುವುದಿಲ್ಲ. ಚಿತ್ರವನ್ನು ಕೇಳಿಸಿಕೊಂಡರೆ ಏಕೆ ಇಲ್ಲ ಎಂಬುದೂ ಗೊತ್ತಾಗುತ್ತದೆ.

ತಮಾಷೆಗೆ ಹೇಳಿದರೂ ಇದರಲ್ಲಿ ಒಂದು ನಂಬಿಕೆ ಅಡಗಿದೆ. ಸಿನಿಮಾ ಎಂದರೆ ನಿರ್ದೇಶಕನ ತಲೆಯಲ್ಲಿ ಆಗಲೇ ಓಡುತ್ತಿರುವ ಏನೋ ಒಂದು, ಉಳಿದವರು ಅದನ್ನು ಹೊರಗೆ ತೆಗೆಯಲು ಕೈ ಜೋಡಿಸಿದರೆ ಸಾಕು ಎಂಬ ನಂಬಿಕೆ. ಈ ನಂಬಿಕೆ ಎಷ್ಟು ಸುಳ್ಳು ಎಂಬುದಕ್ಕೆ ಕನ್ನಡದಲ್ಲೇ ಈಚೆಗೆ ಒಂದು ಒಳ್ಳೆಯ ಉದಾಹರಣೆ ಸಿಕ್ಕಿದೆ. ಅದನ್ನು ನಾವು ಸಂಭ್ರಮಿಸಿದೆವು, ಆದರೆ ಅದು ಹೇಗೆ ತಯಾರಾಯಿತು ಎಂಬ ಕಡೆ ಅಷ್ಟಾಗಿ ನೋಡಲಿಲ್ಲ.

2024ರ ಮೇ 23ರಂದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ‘ಲಾ ಸಿನೆಫ್’ ವಿಭಾಗದ ಫಲಿತಾಂಶ ಹೊರಬಿತ್ತು. ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ 1998ರಲ್ಲಿ ಶುರುವಾದ ವಿಭಾಗವಿದು. ಆ ವರ್ಷ ಜಗತ್ತಿನ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದದ್ದು 18. ನಟಿ ಲುಬ್ನಾ ಅಜಬಾಲ್ ನೇತೃತ್ವದ ತೀರ್ಪುಗಾರರು ಮೊದಲ ಬಹುಮಾನ ಕೊಟ್ಟದ್ದು ಹದಿನಾರು ನಿಮಿಷದ ಒಂದು ಕನ್ನಡ ಚಿತ್ರಕ್ಕೆ. ಹೆಸರು ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಸೂರ್ಯಕಾಂತಿ ಹೂಗಳಿಗೇ ಮೊದಲು ಗೊತ್ತಾಯಿತು ಎಂದು ಅರ್ಥ. ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ಮೈಸೂರಿನವರು, ವೈದ್ಯಕೀಯ ಓದಿ ಸಿನಿಮಾ ಕಡೆಗೆ ಹೊರಳಿದವರು. ಬಹುಮಾನದ ಮೊತ್ತ 15,000 ಯೂರೊ. ಎರಡು ದಿನ ಕಳೆದು ಅದೇ ಉತ್ಸವದ ಮುಖ್ಯ ಸ್ಪರ್ಧೆಯಲ್ಲಿ ಪಾಯಲ್ ಕಪಾಡಿಯಾ ಅವರ ಚಿತ್ರಕ್ಕೆ ಗ್ರ್ಯಾಂಡ್ ಪ್ರಿ ಬಂತು. ಇಬ್ಬರೂ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ, ಅಂದರೆ ಎಲ್ಲರೂ ಎಫ್‌ಟಿಐಐ ಎಂದು ಕರೆಯುವ ಶಾಲೆಯಲ್ಲಿ ಕಲಿತವರು. ಪಾಯಲ್ ಕೂಡ 2017ರಲ್ಲಿ ತಮ್ಮ ವಿದ್ಯಾರ್ಥಿ ಚಿತ್ರದೊಂದಿಗೆ ಇದೇ ಲಾ ಸಿನೆಫ್ ಬಾಗಿಲಿನಿಂದಲೇ ಕಾನ್ ಒಳಗೆ ಕಾಲಿಟ್ಟಿದ್ದರು.

‘ಮೈಸೂರಿನ ಹುಡುಗನಿಗೆ ಕಾನ್ ಗರಿ’ ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದದ್ದೇ. ಆದರೆ ಸಂಸ್ಥೆಯ ಪ್ರಕಟಣೆಯಲ್ಲಿ ಆ ಹೆಸರಿನ ಜತೆ ಇನ್ನೂ ಮೂರು ಹೆಸರುಗಳಿದ್ದವು. ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ. ನಾಲ್ವರೂ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ವಿದ್ಯಾರ್ಥಿಗಳು, 2023ರಲ್ಲಿ ಓದು ಮುಗಿಸಿದವರು. ಮೂರು ವರ್ಷದ ಸಿನಿಮಾ ಕೋರ್ಸಿನ ಪಕ್ಕದಲ್ಲಿ ಈ ಒಂದು ವರ್ಷದ ಕೋರ್ಸನ್ನು ಯಾರೂ ದೊಡ್ಡದಾಗಿ ಎಣಿಸುತ್ತಿರಲಿಲ್ಲ. ಈ ಕೋರ್ಸಿನ ಚಿತ್ರವೊಂದು ಕಾನ್‌ಗೆ ಆಯ್ಕೆಯಾಗಿ ಗೆದ್ದದ್ದು ಅದೇ ಮೊದಲು.

ಈ ಚಿತ್ರ ಯಾರ ಕನಸಿನ ಯೋಜನೆಯಾಗಿಯೂ ಶುರುವಾಗಲಿಲ್ಲ, ಪರೀಕ್ಷೆಯಾಗಿ ಶುರುವಾಯಿತು. ವರ್ಷದ ಕೊನೆಗೆ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಈ ನಾಲ್ಕು ವಿಭಾಗಗಳಿಂದ ಒಬ್ಬೊಬ್ಬರು ಸೇರಿ ಒಂದು ಚಿತ್ರ ಮಾಡಬೇಕು. ಅದಕ್ಕೆ ಅಲ್ಲಿ ‘ಕೋಆರ್ಡಿನೇಟೆಡ್ ಎಕ್ಸರ್‌ಸೈಜ್’ ಎನ್ನುತ್ತಾರೆ. ಹೆಸರು ಕೇಳಿದರೆ ಡ್ರಿಲ್ ಪೀರಿಯಡ್ ನೆನಪಾಗುತ್ತದೆ. ಆದರೆ ಯೋಚಿಸಿ ನೋಡಿದರೆ ಸಿನಿಮಾ ಜಗತ್ತಿನಲ್ಲಿ ಇನ್ನೆಲ್ಲೂ ಸಿಗದ ಒಂದು ಏರ್ಪಾಡು ಇದು. ಚಿತ್ರೋದ್ಯಮದಲ್ಲಿ ನಿರ್ದೇಶಕ ತನಗೆ ಬೇಕಾದ ಕ್ಯಾಮೆರಾಮನ್‌ನನ್ನು ಕರೆಸಿಕೊಳ್ಳುತ್ತಾನೆ, ಹೊಂದದಿದ್ದರೆ ಬದಲಿಸುತ್ತಾನೆ. ಸಂಕಲನಕಾರನಿಗೆ ನಿರ್ಮಾಪಕ ಸಂಬಳ ಕೊಡುತ್ತಾನೆ, ಆದ್ದರಿಂದ ನಿರ್ಮಾಪಕನ ಮಾತು ನಡೆಯುತ್ತದೆ. ಇಲ್ಲಿ ಸಂಸ್ಥೆಯೇ ನಿರ್ಮಾಪಕ. ದಿನ, ಉಪಕರಣ, ಹಣ ಎಲ್ಲಕ್ಕೂ ಅದರದೇ ಮಿತಿ. ನಾಲ್ವರಲ್ಲಿ ಯಾರೂ ಯಾರನ್ನೂ ಕೆಲಸಕ್ಕೆ ಇಟ್ಟುಕೊಂಡಿಲ್ಲ, ಯಾರನ್ನೂ ಯಾರೂ ತೆಗೆಯುವಂತಿಲ್ಲ. ಒಬ್ಬನ ಕಲಿಕೆ ಎಷ್ಟು ಎಂಬುದು ಉಳಿದ ಮೂವರ ಕೆಲಸದೊಳಗಿನಿಂದಲೇ ಕಾಣಬೇಕು. ಶಾಟ್ ಹಾಳಾದರೆ ಕ್ಯಾಮೆರಾ ವಿದ್ಯಾರ್ಥಿಯ ಕೆಲಸವಷ್ಟೇ ಹಾಳಾಗುವುದಿಲ್ಲ, ಸಂಕಲನದವನ ಮೇಜಿಗೆ ಬರುವುದೂ ಅದೇ ಹಾಳು ಶಾಟ್.

ಹಾಗಾಗಿ ಇಲ್ಲಿ ಜಗಳ ಪಠ್ಯಕ್ರಮದ ಭಾಗ. ‘ನನಗೆ ಈ ಶಾಟ್ ಬೇಕು’ ಎಂದರೆ ಮುಗಿಯುವುದಿಲ್ಲ, ಏಕೆ ಬೇಕು ಎಂದು ಸಹಪಾಠಿಗೆ ಒಪ್ಪಿಸಬೇಕು. ಅವನು ಪ್ರಶ್ನೆ ಕೇಳುತ್ತಾನೆ, ಏಕೆಂದರೆ ಅವನಿಗೆ ಹೆದರಿಕೆಯಿಲ್ಲ. ಮಾರನೆಯ ದಿನ ಮೆಸ್‌ನಲ್ಲಿ ಎದುರು ಕೂತು ಊಟ ಮಾಡುವವನೂ ಅವನೇ. ಇಂಥ ಪ್ರಶ್ನೆ ಕೇಳುವವರು ಆಮೇಲೆ ವೃತ್ತಿಯಲ್ಲಿ ಸಿಗುವುದು ಅಪರೂಪ. ಒಂದೆರಡು ಚಿತ್ರ ಗೆದ್ದ ನಿರ್ದೇಶಕನ ಸುತ್ತ ‘ಸೂಪರ್ ಸರ್’ ಎನ್ನುವವರಷ್ಟೇ ಉಳಿಯುತ್ತಾರೆ.

ಚಿದಾನಂದ ಆರಿಸಿಕೊಂಡದ್ದು ನಮ್ಮಲ್ಲಿ ಬಹುಮಂದಿ ಚಿಕ್ಕಂದಿನಲ್ಲೇ ಕೇಳಿದ ಕಥೆ. ಒಂದೂರಲ್ಲಿ ಒಬ್ಬಳು ಅಜ್ಜಿ. ಅವಳ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂಬುದು ಅವಳ ಜಂಬ. ಕೆಲವರು ಹೇಳುವಾಗ ಅವಳ ಮನೆಯ ಕೆಂಡವೂ ಸೇರಿಕೊಳ್ಳುತ್ತದೆ, ಅದಿಲ್ಲದೆ ಊರಿನ ಒಲೆಗಳು ಹೊತ್ತುವುದಿಲ್ಲ. ಊರವರ ಮೇಲೆ ಮುನಿಸಿಕೊಂಡ ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೋಗುತ್ತಾಳೆ. ಇವರಿಗೆ ಇನ್ನು ಬೆಳಗಾಗುವುದು ಹೇಗೆ ನೋಡುತ್ತೇನೆ ಎಂದು ಕೂರುತ್ತಾಳೆ. ಊರಿಗೆ ಎಂದಿನಂತೆ ಬೆಳಗಾಗುತ್ತದೆ. ಕೇಳುತ್ತ ಕೂತ ಮಕ್ಕಳು ನಗುತ್ತಾರೆ, ಕಥೆ ಮುಗಿಯುತ್ತದೆ.

ಚಿತ್ರ ಈ ಕಥೆಯನ್ನು ತಿರುಗಿಸಿ ನಿಲ್ಲಿಸಿದೆ. ಮುದುಕಿ ಊರಿನ ಕೋಳಿಯನ್ನು ಕದ್ದು ಹೋಗುತ್ತಾಳೆ, ಊರಿಗೆ ನಿಜವಾಗಿಯೂ ಬೆಳಗಾಗುವುದಿಲ್ಲ. ಊರು ಕಂಗೆಡುತ್ತದೆ. ಕೋಳಿಯನ್ನು ಮರಳಿ ತರಲು ಭವಿಷ್ಯವಾಣಿಯ ಮೊರೆ ಹೋಗುತ್ತಾರೆ, ಅಜ್ಜಿಯ ಮನೆಯವರನ್ನು ಊರಾಚೆ ಅಟ್ಟುತ್ತಾರೆ. ಅಜ್ಜಿಯ ಜಂಬ ನಿಜವಾಗಿಬಿಟ್ಟರೆ ಏನಾದೀತು ಎಂಬ ಒಂದೇ ಪ್ರಶ್ನೆಯಿಂದ ಮಕ್ಕಳ ನಗೆಯ ಕಥೆ ಊರಿನ ಭಯದ ಕಥೆಯಾಗುತ್ತದೆ. ಈ ಕಥೆ ಚಿಕ್ಕಂದಿನಿಂದ ತಮ್ಮ ಜತೆಗೇ ಇತ್ತು, ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕೇ ದಿನ, ಈ ಚಿತ್ರ ಮಾಡಬೇಡ ಎಂದು ಹೇಳಿದವರೂ ಇದ್ದರು ಎಂದು ನಿರ್ದೇಶಕರು ಕಾನ್‌ನಲ್ಲಿ ಹೇಳಿಕೊಂಡಿದ್ದರು.

ಬೇಡ ಎಂದವರದು ತಪ್ಪೆನ್ನಲಾರೆ. ವಿದ್ಯಾರ್ಥಿ ಚಿತ್ರಕ್ಕೆ ಬುದ್ಧಿವಂತರು ಆರಿಸಿಕೊಳ್ಳುವುದು ಒಂದು ಕೋಣೆ, ಇಬ್ಬರು ಪಾತ್ರಧಾರಿಗಳು, ಒಂದು ಕಿಟಕಿ. ಇಲ್ಲಿ ಒಂದು ಊರೇ ಬೇಕು, ಊರ ಜನ ಬೇಕು, ಕೋಳಿ ಬೇಕು, ಮೇಲಾಗಿ ಇಡೀ ಚಿತ್ರ ರಾತ್ರಿಯಲ್ಲಿ. ಆದರೆ ಈ ಕಥೆಯಲ್ಲಿ ನನಗೆ ಕಂಡ ಸೊಗಸು ಬೇರೆಯೇ. ನಾಲ್ಕು ವಿಭಾಗದ ವಿದ್ಯಾರ್ಥಿಗಳಿಗೆ ಹಂಚಲೆಂದೇ ಯಾರೋ ಕೂತು ಹೆಣೆದಂತಿದೆ ಈ ಕಥೆ. ಒಬ್ಬೊಬ್ಬರಿಗೂ ಒಂದೊಂದು ಗಂಟು ಇಟ್ಟಿದೆ, ಒಂದೂ ಸುಲಭದ್ದಲ್ಲ. ಆ ನಾಲ್ವರು ತಮ್ಮೊಳಗೆ ಏನು ಮಾತಾಡಿಕೊಂಡರು ಎಂಬುದು ಅವರ ಪಾಲಿನದು. ನಾನಿಲ್ಲಿ ಹೇಳುತ್ತಿರುವುದು ಕಥೆಯೇ ಮುಂದಿಡುವ ಪ್ರಶ್ನೆಗಳನ್ನು.

ಮೊದಲು ಕ್ಯಾಮೆರಾ. ಸಿನಿಮಾದಲ್ಲಿ ಕತ್ತಲೆ ತೋರಿಸಬೇಕಾದರೆ ಬೆಳಕು ಬೇಕು. ಕ್ಯಾಮೆರಾಕ್ಕೆ ಬರೀ ಕತ್ತಲೆ ಕೊಟ್ಟರೆ ಪರದೆಯ ಮೇಲೆ ಕಪ್ಪು ಬಿಟ್ಟು ಇನ್ನೇನೂ ಮೂಡದು. ಎಲ್ಲಿ ಎಷ್ಟು ಬೆಳಕು ಬಿಟ್ಟರೆ ನೋಡುವವನಿಗೆ ಕತ್ತಲೆ ಅನ್ನಿಸುತ್ತದೆ ಎಂಬುದೇ ರಾತ್ರಿ ಚಿತ್ರೀಕರಣದ ವಿದ್ಯೆ. ಮಾಮೂಲಿ ಚಿತ್ರದಲ್ಲಿ ರಾತ್ರಿಯ ದೃಶ್ಯದ ಹಿಂದೆ ಮುಂದೆ ಹಗಲಿನ ದೃಶ್ಯಗಳಿರುತ್ತವೆ, ಅವುಗಳ ಪಕ್ಕದಲ್ಲಿ ರಾತ್ರಿ ತಾನಾಗಿ ರಾತ್ರಿಯಾಗುತ್ತದೆ. ಹಗಲೇ ಇಲ್ಲದ ಕಥೆಯಲ್ಲಿ ಆ ಆಸರೆಯಿಲ್ಲ. ಒಂದೇ ತೆರನಾದ ಕತ್ತಲೆ ಹದಿನಾರು ನಿಮಿಷ ಇದ್ದರೆ ನಾಲ್ಕನೆಯ ನಿಮಿಷಕ್ಕೇ ಕಣ್ಣು ದಣಿಯುತ್ತದೆ. ಇನ್ನೇನು ಬೆಳಗಾಗಬೇಕು ಎನ್ನುವ ಹೊತ್ತಿನ ಕತ್ತಲೆ ಒಂದು ಬಗೆಯದು, ಬೆಳಗಾಗುವ ಹೊತ್ತು ಮೀರಿಯೂ ಕದಲದೆ ಕೂತ ಕತ್ತಲೆ ಇನ್ನೊಂದು ಬಗೆಯದು. ಸೂರಜ್ ಅಂಥವರ ಪಾಲಿಗೆ ಬರುವ ಲೆಕ್ಕ ಇದು.

ಜತೆಗೆ ಗಡಿಯಾರದ ಲೆಕ್ಕ ಬೇರೆ. ಕಥೆಯಲ್ಲಿ ಸೂರ್ಯ ಹುಟ್ಟುವುದಿಲ್ಲ, ಪುಣೆ ಸೀಮೆಯಲ್ಲಿ ಹುಟ್ಟಿಯೇ ಹುಟ್ಟುತ್ತಾನೆ. ಪೂರ್ವ ಬೆಳ್ಳಗಾಗುವ ಮೊದಲು ಪ್ಯಾಕಪ್ ಆಗಬೇಕು. ನಾಲ್ಕು ರಾತ್ರಿಗೆ ಹದಿನಾರು ನಿಮಿಷ ಅಂದರೆ ರಾತ್ರಿಗೆ ಸರಾಸರಿ ನಾಲ್ಕು ನಿಮಿಷದ ಸಿನಿಮಾ. ದೊಡ್ಡ ಚಿತ್ರಗಳಲ್ಲಿ, ದೊಡ್ಡ ತಂಡದೊಂದಿಗೆ, ದಿನಕ್ಕೆ ಎರಡು ಮೂರು ನಿಮಿಷದಷ್ಟು ಬಳಸಬಹುದಾದ ಚಿತ್ರಿಕೆ ಸಿಕ್ಕರೆ ಒಳ್ಳೆಯ ಕೆಲಸ ಎನ್ನುತ್ತಾರೆ. ಒಂದು ಶಾಟಿಗೆ ಲೈಟ್ ಜೋಡಿಸಲು ಒಂದು ಗಂಟೆ ಹಿಡಿದರೆ ಅದು ನಟರ ಒಂದು ಗಂಟೆಯನ್ನು ತಿಂದಂತೆಯೇ. ಇನ್ನೊಂದು ಟೇಕ್ ಬೇಕು ಎನ್ನುವ ನಿರ್ದೇಶಕ, ಲೈಟ್ ಇನ್ನೂ ಕೂತಿಲ್ಲ ಎನ್ನುವ ಛಾಯಾಗ್ರಾಹಕ, ಇಬ್ಬರ ಮಾತೂ ಸರಿ. ಸಾಲದೆ ಬಂದಿರುವುದು ರಾತ್ರಿ.

ಎರಡನೆಯ ಗಂಟು ಧ್ವನಿಯವನಿಗೆ. ಇಡೀ ಕಥೆ ನಿಂತಿರುವುದು ಇಲ್ಲದ ಒಂದು ಸದ್ದಿನ ಮೇಲೆ. ಕೋಳಿ ಕೂಗಿದರೆ ಕೇಳಿಸಬಹುದು. ಕೂಗಲಿಲ್ಲ ಎಂಬುದನ್ನು ಕೇಳಿಸುವುದು ಹೇಗೆ? ಊರಿನ ಉಳಿದ ಸದ್ದುಗಳನ್ನು ಮೊದಲು ಕಿವಿಗೆ ಅಭ್ಯಾಸ ಮಾಡಿಸಿ, ಆಮೇಲೆ ಅವುಗಳ ನಡುವೆ ಒಂದು ಜಾಗ ಖಾಲಿ ಬಿಡಬೇಕು. ನೋಡುವವನು ಆ ಖಾಲಿ ಜಾಗಕ್ಕೆ ಕಿವಿಗೊಡುವಂತಾಗಬೇಕು. ಇಷ್ಟು ನಾಜೂಕಿನ ಕೆಲಸವನ್ನು ಆಮೇಲೆ ಹಿನ್ನೆಲೆ ಸಂಗೀತ ಹಾಕಿ ಮುಚ್ಚಿಬಿಡುತ್ತೇನೆ ಎನ್ನಲಾಗದು.

ರಾತ್ರಿಯ ಸದ್ದಿಗೂ ಹೊತ್ತಿದೆ. ಸಂಜೆ ಎಂಟರ ಜೀರುಂಡೆಯ ಸದ್ದು ನಸುಕಿನ ಮೂರರ ಸದ್ದಿನಂತಿರುವುದಿಲ್ಲ. ಒಂದೇ ಸಂಭಾಷಣೆಯ ಒಂದು ಕಡೆಯ ಮುಖವನ್ನು ಎಂಟಕ್ಕೆ, ಎದುರಿನ ಮುಖವನ್ನು ಮೂರಕ್ಕೆ ಚಿತ್ರಿಸಿ ಜೋಡಿಸಿದರೆ, ಮಾತಿನ ನಡುವೆ ಜೀರುಂಡೆಗಳು ಹಾರಿ ಹಾರಿ ಬೀಳುತ್ತವೆ. ಅದಕ್ಕೇ ಪ್ರತಿ ಜಾಗದಲ್ಲೂ ‘ಆಂಬಿಯನ್ಸ್’ ಹಿಡಿಯುತ್ತಾರೆ. ಶಾಟ್ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಬಾಯಿ ಮುಚ್ಚಿ ನಿಲ್ಲಬೇಕು, ಶಬ್ದಗ್ರಾಹಕ ಆ ಜಾಗದ ಬರಿಯ ಸದ್ದನ್ನು ಒಂದೆರಡು ನಿಮಿಷ ದಾಖಲಿಸಿಕೊಳ್ಳುತ್ತಾನೆ. ಸೆಟ್ಟಿನಲ್ಲಿ ಎಲ್ಲರಿಗೂ ಅತ್ಯಂತ ಬೇಸರದ ಹೊತ್ತು ಇದೇ. ಹೊಟ್ಟೆ ಹಸಿದಿರುತ್ತದೆ, ಮುಂದಿನ ಶಾಟಿನ ಅವಸರವಿರುತ್ತದೆ, ಯಾರೋ ಕೆಮ್ಮುತ್ತಾರೆ, ಮತ್ತೆ ಮೊದಲಿನಿಂದ. ಜನರೇಟರ್ ಅನ್ನು ಎಷ್ಟು ದೂರ ಒಯ್ಯಬೇಕು ಎಂಬ ಜಗಳ ಬೇರೆ. ದೂರ ಹೋದಷ್ಟೂ ಕೇಬಲ್ ಎಳೆಯುವವರು ಬೈದುಕೊಳ್ಳುತ್ತಾರೆ. ಮತ್ತೆ, ಹಳ್ಳಿಯ ಆಸುಪಾಸಿನಲ್ಲಿ ನಸುಕಿನವರೆಗೆ ಚಿತ್ರೀಕರಣವಿದ್ದರೆ ಪಕ್ಕದ ಊರಿನ ಕೋಳಿಗೆ ಚಿತ್ರಕಥೆ ಗೊತ್ತಿರುವುದಿಲ್ಲ. ಅದು ತನ್ನ ಹೊತ್ತಿಗೆ ಕೂಗಿಯೇ ಕೂಗುತ್ತದೆ.

ಸಂಕಲನದವನ ಗಂಟು ಮೇಲ್ನೋಟಕ್ಕೆ ಕಾಣುವುದಿಲ್ಲ. ಸಿನಿಮಾದಲ್ಲಿ ಕಾಲ ಸರಿಯಿತು ಎಂದು ಹೇಳಲು ನಮಗಿರುವ ಅತಿ ಹಳೆಯ ಉಪಾಯ ಬೆಳಗು. ರಾತ್ರಿ ಮಲಗಿದರು, ಕಟ್, ಸೂರ್ಯ ಮೇಲಿದ್ದಾನೆ. ನೋಡುವವನು ಪ್ರಶ್ನೆ ಕೇಳದೆ ಮುಂದೆ ಬರುತ್ತಾನೆ. ಬೆಳಗೇ ಆಗದ ಊರಿನಲ್ಲಿ ಒಂದು ದಿನ ಕಳೆಯಿತೋ, ಹತ್ತು ದಿನ ಕಳೆಯಿತೋ ಹೇಗೆ ಗೊತ್ತಾಗಬೇಕು? ಅಲ್ಲಿಯ ಜನಕ್ಕೂ ಗೊತ್ತಾಗದು, ಅವರ ಗಾಬರಿಯೇ ಅದು. ಆದರೆ ನೋಡುವವನಿಗೆ ಒಂದಿಷ್ಟಾದರೂ ಗೊತ್ತಾಗದಿದ್ದರೆ ಕಥೆ ಕೈತಪ್ಪುತ್ತದೆ. ಮುಖಗಳ ಆಯಾಸದಿಂದಲೋ, ಮಾತಿನ ಲಯದಿಂದಲೋ, ಎರಡು ಶಾಟುಗಳ ನಡುವಿನ ಸದ್ದು ಬದಲಾಗುವುದರಿಂದಲೋ ಕಾಲವನ್ನು ಕಟ್ಟಬೇಕು. ಅದರಲ್ಲಿ ಮೊದಲನೆಯದು ನಟರಿಂದ ಬರಬೇಕು, ಕೊನೆಯದನ್ನು ಧ್ವನಿಯವನು ಹಿಡಿದು ತಂದಿರಬೇಕು. ಸಂಕಲನಕಾರ ಎಷ್ಟೇ ಜಾಣನಾದರೂ ಎಡಿಟಿಂಗ್ ಕೋಣೆಯಲ್ಲಿ ಒಬ್ಬನೇ ಕೂತು ಇದನ್ನು ಹುಟ್ಟಿಸಲಾರ. ಚಿತ್ರೀಕರಣಕ್ಕೆ ಮೊದಲೇ ನಾಲ್ವರೂ ಕೂತು ಮಾತಾಡಿದ್ದರೆ ಮಾತ್ರ ಅವನ ಮೇಜಿಗೆ ಬೇಕಾದದ್ದು ಬಂದಿರುತ್ತದೆ.

ಜಗುಲಿಯಲ್ಲಿ ಕೂತು ಈ ಕಥೆ ಹೇಳುವ ಅಜ್ಜಿಗೆ ಇದು ಯಾವುದೂ ತೊಂದರೆಯಲ್ಲ. ದನಿ ಇಳಿಸಿದರೆ ಕತ್ತಲೆಯಾಗುತ್ತದೆ, ಒಂದು ಗಳಿಗೆ ಸುಮ್ಮನಿದ್ದರೆ ಕೋಳಿ ಕೂಗಲಿಲ್ಲ ಎಂದಾಗುತ್ತದೆ, ‘ಹಿಂಗೇ ಎಷ್ಟೋ ದಿನ ಆಯ್ತು’ ಎಂದುಬಿಟ್ಟರೆ ಕಾಲ ಸರಿಯುತ್ತದೆ. ಎಲ್ಲವೂ ಒಂದೇ ಗಂಟಲಿನಲ್ಲಿದೆ. ಸಿನಿಮಾ ಅದನ್ನು ಬಿಡಿಬಿಡಿಯಾಗಿ ಒಡೆದು ನಾಲ್ಕು ಜನರ ಕೈಗೆ ಕೊಡುತ್ತದೆ, ಮತ್ತೆ ಒಂದೇ ಗಂಟಲಿನಿಂದ ಬಂದಂತೆ ಕೇಳಿಸಬೇಕು ಎಂದೂ ಹಟ ಹಿಡಿಯುತ್ತದೆ. ನಿರ್ದೇಶಕನ ನಿಜವಾದ ಕೆಲಸ ಇರುವುದು ಈ ಎರಡನೆಯ ಭಾಗದಲ್ಲಿ.

ಪುಣೆಯ ಈ ಶಾಲೆಯಲ್ಲಿ ಇನ್ನೊಂದು ವಿಚಿತ್ರವಿದೆ. ದೇಶದ ಮೂಲೆಮೂಲೆಯಿಂದ ಬಂದ ವಿದ್ಯಾರ್ಥಿಗಳು ಒಂದೇ ತಂಡದಲ್ಲಿರುತ್ತಾರೆ, ಚಿತ್ರದ ಭಾಷೆ ಅವರಲ್ಲಿ ಯಾರೋ ಒಬ್ಬನ ಮಾತೃಭಾಷೆಯಾಗಿರಬಹುದು. ಸೆಟ್ಟಿನಲ್ಲಿ ಹಿಂದಿ ಇಂಗ್ಲಿಷ್ ಓಡುತ್ತದೆ, ಕ್ಯಾಮೆರಾದ ಮುಂದೆ ಕನ್ನಡ. ಬೂಮ್ ಹಿಡಿದವನಿಗೆ ಯಾವ ಪದಕ್ಕೆ ಮೈಕ್ ತಿರುಗಿಸಬೇಕು ಎಂಬುದು ಅರ್ಥದಿಂದ ತಿಳಿಯದಿದ್ದರೆ ನಟನ ಉಸಿರಿನಿಂದ ತಿಳಿಯಬೇಕು. ಭಾಷೆ ಬಾರದ ಸಂಕಲನಕಾರ ಕಣ್ಣು ನೋಡಿ ಕತ್ತರಿಸುತ್ತಾನೆ. ಇದರಿಂದ ಕೆಲವೊಮ್ಮೆ ನಷ್ಟವಾಗುತ್ತದೆ, ಮಾತಿನ ಒಳಗಿನ ಒಗ್ಗರಣೆ ಅವನಿಗೆ ತಾಗುವುದಿಲ್ಲ. ಆದರೆ ಲಾಭವೂ ಇದೆ. ಕನ್ನಡದ ನಿರ್ದೇಶಕ ‘ಇದು ಎಲ್ಲರಿಗೂ ಗೊತ್ತಿರುವ ಕಥೆ’ ಎಂದು ಹಾರಿಸಿಬಿಡಬಹುದಾದ ಜಾಗದಲ್ಲಿ ಪಕ್ಕದವನು ‘ನನಗೆ ಗೊತ್ತಿಲ್ಲವಲ್ಲ, ತೋರಿಸು’ ಎನ್ನುತ್ತಾನೆ. ಕನ್ನಡ ಬಾರದ ತೀರ್ಪುಗಾರರಿಗೆ ಒಂದು ಕನ್ನಡ ಜನಪದ ಕಥೆ ದಾಟಬೇಕಾದರೆ ಇಂಥ ಒಬ್ಬ ಮೊದಲ ನೋಡುಗ ತಂಡದೊಳಗೇ ಇದ್ದರೆ ಒಳ್ಳೆಯದು.

ಕನ್ನಡಕ್ಕೂ ಈ ಶಾಲೆಗೂ ಹಳೆಯ ನಂಟು. ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ 1960ರಲ್ಲಿ ಶುರುವಾದ ಈ ಸಂಸ್ಥೆಗೆ 1974-75ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಕರಾಗಿದ್ದರು. ಅದೇ ಹೊತ್ತಿನಲ್ಲಿ ಅಲ್ಲಿ ಗಿರೀಶ ಕಾಸರವಳ್ಳಿ ವಿದ್ಯಾರ್ಥಿ. ಅವರ ವಿದ್ಯಾರ್ಥಿ ಚಿತ್ರ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು, ಎರಡೇ ವರ್ಷದಲ್ಲಿ ‘ಘಟಶ್ರಾದ್ಧ’ ಬಂತು. ಕಾಸರವಳ್ಳಿಯವರು ಅದಕ್ಕೆ ಮೊದಲು ಮಣಿಪಾಲದಲ್ಲಿ ಫಾರ್ಮಸಿ ಓದಿದ್ದರು. ಅರ್ಧ ಶತಮಾನ ಕಳೆದು ಇನ್ನೊಬ್ಬರು ಎಂಬಿಬಿಎಸ್ ಮುಗಿಸಿ ಅದೇ ಗೇಟಿನೊಳಗೆ ಹೋದರು. ಔಷಧದ ಓದಿಗೂ ಕನ್ನಡ ಸಿನಿಮಾಕ್ಕೂ ಏನೋ ಋಣಾನುಬಂಧವಿರಬೇಕು.

ಪುಣೆಗೂ ಮೊದಲೇ ಸಿನಿಮಾ ಕಲಿಸಿದ ಊರು ನಮ್ಮದು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು 1946ರಲ್ಲಿ ಹೊರಬಂದರು. ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಅವರು ಮೂಡಿಸಿದ ಬೆಳಕಿನ ಕಂಬ ಇಂದಿಗೂ ಸಿನಿಮಾ ಶಾಲೆಗಳಲ್ಲಿ ಪಾಠ. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು ಮೂರ್ತಿಯವರಿಂದಲೇ ಮೊದಲು, 2008ರ ಸಾಲಿಗೆ. ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದೂ ಇದೇ ಪಾಲಿಟೆಕ್ನಿಕ್‌ನಲ್ಲಿ. ಆದರೆ ಆ ಕಾಲದ ನಮ್ಮ ಕಲಿಕೆ ಕುಶಲ ತಂತ್ರಜ್ಞರನ್ನು ತಯಾರಿಸುವ ಕಡೆಗಿತ್ತು. ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರ, ಶಬ್ದಗ್ರಾಹಕ ಎಲ್ಲರನ್ನೂ ಒಂದೇ ವಯಸ್ಸಿನಲ್ಲಿ, ಒಂದೇ ಹಾಸ್ಟೆಲಿನಲ್ಲಿ ಕೂಡಿಹಾಕಿ, ಒಂದೇ ಚಿತ್ರ ಮಾಡಿ ಎಂದು ಬಿಟ್ಟದ್ದು ಪುಣೆಯ ಕೊಡುಗೆ.

ಹಾಗೆ ಕೂಡಿಹಾಕಿದ್ದರಿಂದ ಏನಾಗುತ್ತದೆ ಎಂಬುದು ಆ ವರ್ಷಕ್ಕೇ ಗೊತ್ತಾಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಅಲ್ಲಿ ಕಲಿತವರಲ್ಲಿ ಕುಂದನ್ ಶಾ, ವಿಧು ವಿನೋದ್ ಚೋಪ್ರಾ, ಸಂಕಲನದ ರೇಣು ಸಲೂಜಾ, ಛಾಯಾಗ್ರಹಣದ ಬಿನೋದ್ ಪ್ರಧಾನ್ ಇದ್ದರು. ವಿನೋದ್ ಅವರ ವಿದ್ಯಾರ್ಥಿ ಚಿತ್ರ ‘ಮರ್ಡರ್ ಅಟ್ ಮಂಕಿ ಹಿಲ್’ ರಾಷ್ಟ್ರಪ್ರಶಸ್ತಿ ಪಡೆದಿತ್ತು. ಕೆಲವು ವರ್ಷಗಳ ನಂತರ ಕುಂದನ್ ಶಾ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಅಲ್ಪ ಹಣದಲ್ಲಿ ‘ಜಾನೇ ಭೀ ದೋ ಯಾರೋ’ ಮಾಡಲು ಹೊರಟಾಗ ಕ್ಯಾಮೆರಾ ಬಿನೋದ್ ಅವರದು, ಸಂಕಲನ ರೇಣು ಅವರದು. ವಿನೋದ್ ನಿರ್ಮಾಣದ ಲೆಕ್ಕಪತ್ರ ನೋಡಿಕೊಂಡರು, ಸಾಲದ್ದಕ್ಕೆ ಕ್ಲೈಮ್ಯಾಕ್ಸಿನ ಮಹಾಭಾರತ ನಾಟಕದಲ್ಲಿ ದುಶ್ಶಾಸನನ ವೇಷವನ್ನೂ ಕಟ್ಟಿದರು. 1983ರ ಆ ಚಿತ್ರದಲ್ಲಿ ಶವವನ್ನು ಹೊತ್ತು ಓಡುವ ಇಬ್ಬರು ಬಡ ಫೋಟೊಗ್ರಾಫರ್‌ಗಳಿಗೆ ವಿನೋದ್, ಸುಧೀರ್ ಎಂದು ಹೆಸರಿಟ್ಟದ್ದು ತಂಡದ ಗೆಳೆಯರ ಹೆಸರನ್ನೇ ತಮಾಷೆಗೆ ಎತ್ತಿಕೊಂಡು. ಆ ಕುಚೋದ್ಯದ ಹುಮ್ಮಸ್ಸನ್ನು ದುಡ್ಡು ಕೊಟ್ಟು ತರಲಾಗುತ್ತಿರಲಿಲ್ಲ. ಚಿತ್ರದ ಬಜೆಟ್ ಏಳು ಲಕ್ಷವನ್ನೂ ಮುಟ್ಟಿರಲಿಲ್ಲ.

ಇನ್ನು ನಮ್ಮ ಕಾಲೇಜುಗಳಿಗೆ ಬರೋಣ. ಪತ್ರಿಕೋದ್ಯಮ ವಿಭಾಗಗಳಲ್ಲಿ, ವಿಷುವಲ್ ಕಮ್ಯುನಿಕೇಶನ್ ಇರುವಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಸಾಂಸ್ಕೃತಿಕ ಉತ್ಸವಗಳಲ್ಲಿ ಈಗ ಕಿರುಚಿತ್ರವಿಲ್ಲದೆ ವರ್ಷ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಕಿರುಚಿತ್ರಗಳದೇ ಅಂತರರಾಷ್ಟ್ರೀಯ ಉತ್ಸವ ನಡೆಯುತ್ತದೆ. ಕ್ಯಾಮೆರಾ ಜೇಬಿನಲ್ಲೇ ಇದೆ, ಎಡಿಟಿಂಗ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹಿಂದೆ ಪುಣೆಯಲ್ಲಿ ಮಾತ್ರ ಕಾಣಸಿಗುತ್ತಿದ್ದ ಸಿನಿಮಾಗಳು ಹುಬ್ಬಳ್ಳಿಯ ಹಾಸ್ಟೆಲ್ ಕೋಣೆಯಲ್ಲೂ ಸಿಗುತ್ತವೆ. ಕೊರತೆ ಇರುವುದು ಉಪಕರಣದಲ್ಲಲ್ಲ, ತಂಡ ಕಟ್ಟುವ ಬಗೆಯಲ್ಲಿ.

ತಂಡ ಹೇಗೆ ಆಗುತ್ತದೆ ನೋಡಿ. ಒಬ್ಬನಿಗೆ ಕಥೆ ಹೊಳೆಯುತ್ತದೆ, ಅವನು ವಾಟ್ಸ್‌ಆ್ಯಪ್ ಗುಂಪು ಮಾಡುತ್ತಾನೆ, ಗುಂಪಿನ ಅಡ್ಮಿನ್ ಅವನೇ ಆದ್ದರಿಂದ ನಿರ್ದೇಶಕನೂ ಅವನೇ. ಉಳಿದವರಿಗೆ ಚಿತ್ರಕಥೆ ಕೈಸೇರುವುದು ಚಿತ್ರೀಕರಣದ ಹಿಂದಿನ ರಾತ್ರಿ. ಸಂಕಲನ ಮಾಡುವವನನ್ನು ಹುಡುಕುವುದು ಎಲ್ಲ ಮುಗಿದ ಮೇಲೆ. ಅವನ ಕೈಗೆ ಒಂದು ಹಾರ್ಡ್ ಡಿಸ್ಕ್ ಕೊಟ್ಟು ‘ಏನಾದ್ರೂ ಮಾಡು ಮಗಾ, ನಾಳಿದ್ದು ಸಬ್ಮಿಷನ್’ ಎನ್ನುತ್ತಾರೆ. ಯಾವ ಫೈಲ್ ಯಾವ ದೃಶ್ಯದ್ದು ಎಂಬ ಲಾಗ್ ಶೀಟ್ ಇರುವುದಿಲ್ಲ, ಕ್ಲ್ಯಾಪ್ ಹೊಡೆದಿರುವುದಿಲ್ಲ. ಕ್ಲ್ಯಾಪ್ ಎಂದರೆ ಶೋಕಿ ಎಂದುಕೊಂಡಿದ್ದಾರೆ, ಬೇರೆಯಾಗಿ ದಾಖಲಿಸಿದ ಧ್ವನಿಯನ್ನೂ ಚಿತ್ರವನ್ನೂ ಕೂಡಿಸಲು ಆ ಟಪ್ ಎಂಬ ಸದ್ದೇ ಗುರುತು ಎಂದು ಹೇಳಿಕೊಟ್ಟವರಿಲ್ಲ. ಹೇಗೂ ಬೇರೆಯಾಗಿ ಧ್ವನಿ ದಾಖಲಿಸಿರುವುದಿಲ್ಲ ಅನ್ನಿ. ಮಾತೆಲ್ಲ ಕ್ಯಾಮೆರಾದ ಮೈಕಿಗೇ ಬಿದ್ದಿರುತ್ತದೆ. ನಟ ಹತ್ತು ಅಡಿ ದೂರವಿದ್ದರೆ ಮಾತೂ ಹತ್ತು ಅಡಿ ದೂರ, ಗಾಳಿ ಮಾತ್ರ ಕಿವಿಯ ಪಕ್ಕದಲ್ಲೇ. ಅದನ್ನು ಮುಚ್ಚಲು ಪಿಯಾನೊ ಹಾಕುತ್ತಾರೆ. ನಮ್ಮ ಕಿರುಚಿತ್ರಗಳಲ್ಲಿ ಕೇಳಿಬರುವ ಅಷ್ಟೊಂದು ಪಿಯಾನೊದ ಹಿಂದೆ ಅಷ್ಟೊಂದು ಗಾಳಿಯಿದೆ.

ಎರಡನೆಯ ಲೆನ್ಸ್ ಕೊಳ್ಳುವ ದುಡ್ಡಿನಲ್ಲಿ ಒಂದು ರೆಕಾರ್ಡರ್, ಒಂದು ಬೂಮ್ ಕೋಲು ಕೊಂಡರೆ ಯಾವುದೇ ಕಾಲೇಜಿನ ಚಿತ್ರಗಳು ಆ ವರ್ಷವೇ ಸುಧಾರಿಸುತ್ತವೆ. ಆದರೆ ಬೂಮ್ ಹಿಡಿಯಲು ಯಾರು ಒಪ್ಪುತ್ತಾರೆ? ಇಲ್ಲಿಗೆ ಬಂದರೆ ಮತ್ತೆ ಅದೇ ಟೈಟಲ್ ಕಾರ್ಡ್ ಅಡ್ಡ ಬರುತ್ತದೆ. ಹೆಸರು ಬರುವುದು ನಿರ್ದೇಶಕನಿಗೆ, ಬಹುಮಾನ ಬಂದರೆ ವೇದಿಕೆ ಹತ್ತುವವನೂ ಅವನೇ, ಹಾಗಾಗಿ ಇಪ್ಪತ್ತು ಜನರ ತರಗತಿಯಲ್ಲಿ ಇಪ್ಪತ್ತು ಜನ ನಿರ್ದೇಶಕರು. ಬೂಮ್ ಹಿಡಿಯಲು ಸಿಗುವುದು ಜೂನಿಯರ್, ಅವನೂ ಮುಂದಿನ ವರ್ಷ ನಿರ್ದೇಶಕನಾಗಲಿರುವವನು.

ರಂಗಭೂಮಿಯಲ್ಲಿ ಇದಕ್ಕೆ ನಮ್ಮಲ್ಲೇ ಒಂದು ಉತ್ತರ ಸಿಕ್ಕಿತ್ತು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಅಭಿನಯ ಕಲಿಯಲು ಹೋದವರು ರಂಗ ಕಟ್ಟುವುದನ್ನೂ, ಬೆಳಕು ಜೋಡಿಸುವುದನ್ನೂ, ಪ್ರಸಾಧನವನ್ನೂ ಕಲಿಯುತ್ತಾರೆ. ತಿರುಗಾಟ ಹೊರಟ ತಂಡದಲ್ಲಿ ನಿನ್ನೆ ರಾಜನಾಗಿದ್ದವನು ಇವತ್ತು ಲಾರಿಯಿಂದ ಪೆಟ್ಟಿಗೆ ಇಳಿಸುತ್ತಾನೆ. ಅದೇ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾಗಳನ್ನೂ ತೋರಿಸಿದರು. ನೋಡುವ ಸಂಸ್ಕೃತಿ ಹಾಗೆ ಸಿನಿಮಾಕ್ಕೂ ದಾಟಿತು, ಕೂಡಿ ಮಾಡುವ ಸಂಸ್ಕೃತಿ ಮಾತ್ರ ಹೆಚ್ಚುಪಾಲು ನಾಟಕದಲ್ಲೇ ಉಳಿಯಿತು ಎನ್ನಿಸುತ್ತದೆ. ನಾಟಕದಲ್ಲಿ ಬೆಳಕಿನವನು ತಪ್ಪಿದರೆ ಅಂದೇ, ಎಲ್ಲರ ಎದುರಿಗೇ ಗೊತ್ತಾಗುತ್ತದೆ. ಸಿನಿಮಾದಲ್ಲಿ ತಪ್ಪು ಎರಡು ತಿಂಗಳು ಹಾರ್ಡ್ ಡಿಸ್ಕಿನಲ್ಲಿ ಮಲಗಿರುತ್ತದೆ, ಅಷ್ಟರಲ್ಲಿ ಅದು ಯಾರದು ಎಂಬುದು ಮರೆತುಹೋಗಿರುತ್ತದೆ.

ಕಾಲೇಜಿನ ಮೇಷ್ಟ್ರುಗಳ ಕೈಯಲ್ಲಿರುವ ಒಂದು ಉಪಾಯ ಅಂಕ. ಬಹುತೇಕ ಕಡೆ ಕಿರುಚಿತ್ರಕ್ಕೆ ಇಡೀ ಗುಂಪಿಗೆ ಒಂದೇ ಅಂಕ ಕೊಟ್ಟುಬಿಡುತ್ತಾರೆ. ದುಡಿದವನಿಗೂ ಅಷ್ಟೇ, ಗುಂಪಿನಲ್ಲಿ ಹೆಸರು ಕೊಟ್ಟು ಊರಿಗೆ ಹೋದವನಿಗೂ ಅಷ್ಟೇ. ಇಲ್ಲವೇ ಚಿತ್ರ ಚೆನ್ನಾಗಿದ್ದರೆ ನಿರ್ದೇಶಕನಿಗೆ ಹೆಚ್ಚು. ಅದರ ಬದಲು ವೈವಾದಲ್ಲಿ ನಾಲ್ವರನ್ನೂ ಬೇರೆ ಬೇರೆ ಕೂರಿಸಿ ಒಬ್ಬೊಬ್ಬರಿಗೂ ಪಕ್ಕದವನ ಕೆಲಸದ ಬಗ್ಗೆ ಪ್ರಶ್ನೆ ಕೇಳಬಹುದು. ಎರಡನೆಯ ದೃಶ್ಯದಲ್ಲಿ ಕ್ಯಾಮೆರಾ ಏಕೆ ಅಷ್ಟು ಕೆಳಗಿದೆ ಎಂದು ಧ್ವನಿಯವನನ್ನು, ಬಾಗಿಲಿನ ಸದ್ದು ಏಕೆ ಮೊದಲೇ ಬರುತ್ತದೆ ಎಂದು ಕ್ಯಾಮೆರಾದವನನ್ನು. ಉತ್ತರ ಸರಿಯೋ ತಪ್ಪೋ ಆಮೇಲಿನ ಮಾತು. ಅದನ್ನು ಅವರು ಒಮ್ಮೆಯಾದರೂ ಕೂತು ಚರ್ಚಿಸಿದ್ದಾರೋ ಇಲ್ಲವೋ ಎಂಬುದು ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ. ಇದಕ್ಕೆ ಹೊಸ ಕ್ಯಾಮೆರಾವೂ ಬೇಡ, ಅನುದಾನವೂ ಬೇಡ. ಮೇಷ್ಟ್ರು ಚಿತ್ರವನ್ನು ಎರಡು ಸಲ ನೋಡಿ ಬಂದಿರಬೇಕು, ಅಷ್ಟೇ.